ಹೆಚ್ಚಿದ ಲಾಭ ಎಲ್ಲಿಂದ ಬಂತು: ಸರ್ಕಾರಿ ಉದ್ದಿಮೆಗಳ ಮಾರಾಟ ಮತ್ತು ಅವುಗಳ ಲೆಕ್ಕಪತ್ರ

(ಶಿವಮೊಗ್ಗದಲ್ಲಿ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಹಿಂದೂಸ್ತಾನ್ ಜಿಂಕ್ ಎಂಬ ಕಂಪನಿಯ ಎರಡು ಅಂಕಿಗಳಿಂದ ಮಾತು ಆರಂಭಿಸುತ್ತೇನೆ. ಸರ್ಕಾರದ ಆಡಳಿತದಲ್ಲಿದ್ದ ಕೊನೆಯ ಹಣಕಾಸು ವರ್ಷವಾದ 2001-02ರಲ್ಲಿ, ತೆರಿಗೆ ಕಳೆದು ಅದಕ್ಕೆ ಉಳಿದ ಲಾಭ ನೂರು ಕೋಟಿ ರೂಪಾಯಿಯನ್ನೂ ಮುಟ್ಟಿರಲಿಲ್ಲ. ಐದು ವರ್ಷಗಳ ನಂತರ, 2006-07ರಲ್ಲಿ, ಅದೇ ಗಣಿಗಳಿಂದ ಅದೇ ಲೋಹವನ್ನು ತೆಗೆದು ಮಾರುತ್ತಿದ್ದ ಅದೇ ಕಂಪನಿಯ ಲಾಭ 4,400 ಕೋಟಿಯನ್ನು ದಾಟಿತ್ತು. ನಡುವೆ ಕಂಪನಿ ಸರ್ಕಾರದ ಕೈಯಿಂದ ಖಾಸಗಿಯವರ ಕೈಗೆ ಹೋಗಿತ್ತು. ಖಾಸಗೀಕರಣದ ಪರವಾಗಿ ವಾದಿಸುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಮಾತು ಮುಗಿಸುತ್ತಾರೆ. ವಿರೋಧಿಸುವವರು ಇದೇ ಅಂಕಿಗಳನ್ನು ಹಿಡಿದು, ಇಷ್ಟು ಲಾಭ ತರಬಲ್ಲ ಕಂಪನಿಯನ್ನು ಕಡಿಮೆ ಬೆಲೆಗೆ ಕೊಟ್ಟುಬಿಟ್ಟರು ಎಂದು ವಾದಿಸುತ್ತಾರೆ. ಈ ಸಂಜೆ ನಾನು ಇಬ್ಬರಿಗೂ ಒಂದೇ ಪ್ರಶ್ನೆಯನ್ನು ಕೇಳಬಯಸುತ್ತೇನೆ. ಆ ಲಾಭ ಎಲ್ಲಿಂದ ಬಂತು?

ಸರ್ಕಾರಿ ಕಂಪನಿಯೊಂದರ ಲಾಭ ಹೆಚ್ಚಲು ಹಲವು ದಾರಿಗಳಿವೆ. ಅದೇ ಖರ್ಚಿನಲ್ಲಿ ಹೆಚ್ಚು ಸರಕನ್ನು ತಯಾರಿಸಬಹುದು. ಸರಕಿನ ಬೆಲೆ ತಾನಾಗಿಯೇ ಏರಬಹುದು, ಇಲ್ಲವೇ ಪೈಪೋಟಿ ಇಲ್ಲದ ಕಡೆ ಕಂಪನಿಯೇ ಬೆಲೆ ಏರಿಸಬಹುದು. ನೌಕರರ ಸಂಖ್ಯೆಯನ್ನು ಕಡಿಮೆ ಮಾಡಬಹುದು. ಹಳೆಯ ಸಾಲವನ್ನು ಬೇರೊಬ್ಬರ ತಲೆಗೆ ಕಟ್ಟಬಹುದು. ಲಾಭ-ನಷ್ಟದ ಲೆಕ್ಕದಲ್ಲಿ ಇವೆಲ್ಲವೂ ಕೊನೆಗೆ ಒಂದೇ ಸಾಲಿನಲ್ಲಿ ಬಂದು ಸೇರುತ್ತವೆ, ಆದರೆ ಸಮಾಜದ ಲೆಕ್ಕದಲ್ಲಿ ಇವು ಒಂದೇ ಅಲ್ಲ. ಮೊದಲನೆಯದರಲ್ಲಿ ಹೊಸ ಸಂಪತ್ತು ಹುಟ್ಟುತ್ತದೆ. ಉಳಿದವುಗಳಲ್ಲಿ ಬಹುಮಟ್ಟಿಗೆ ಇದ್ದ ಸಂಪತ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ.

ಮತ್ತೆ ಹಿಂದೂಸ್ತಾನ್ ಜಿಂಕ್‌ಗೆ ಬರೋಣ. 1966ರಲ್ಲಿ ಸ್ಥಾಪನೆಯಾದ, ರಾಜಸ್ಥಾನದ ಉದಯಪುರದಲ್ಲಿ ಕೇಂದ್ರ ಕಚೇರಿಯುಳ್ಳ ಈ ಕಂಪನಿಯ ನಿಜವಾದ ಆಸ್ತಿ ಭಿಲ್ವಾಡಾ ಜಿಲ್ಲೆಯ ರಾಮಪುರಾ ಆಗುಚಾ ಗಣಿ. 1970ರ ದಶಕದ ಉತ್ತರಾರ್ಧದಲ್ಲಿ ಪತ್ತೆಯಾದ ಈ ಗಣಿ ಜಗತ್ತಿನ ಅತಿ ದೊಡ್ಡ ಸತುವಿನ ಗಣಿಗಳಲ್ಲೊಂದು. ಅದನ್ನು ಗಣಿಯಾಗಿ ತೆರೆದು ಚಂದೇರಿಯಾದಲ್ಲಿ ಸ್ಮೆಲ್ಟರ್, ಅಂದರೆ ಅದಿರಿನಿಂದ ಲೋಹ ತೆಗೆಯುವ ಘಟಕ, ಕಟ್ಟಿದ್ದು ಸರ್ಕಾರದ ಹಣ, ಸರ್ಕಾರದ ನೌಕರರು. 2002ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಯ ಶೇ 26ರಷ್ಟು ಷೇರನ್ನು ಆಡಳಿತದ ಹಿಡಿತದ ಸಮೇತ ಮುಂದೆ ವೇದಾಂತ ಎಂದು ಹೆಸರಾದ ಸ್ಟರ್ಲೈಟ್ ಸಮೂಹಕ್ಕೆ 445 ಕೋಟಿ ರೂಪಾಯಿಗೆ ಮಾರಿತು. ಆ ಸಮೂಹ ಇತರ ಷೇರುದಾರರಿಂದ ಶೇ 20ರಷ್ಟನ್ನು ಕೊಂಡು, 2003ರಲ್ಲಿ ಒಪ್ಪಂದದ ಪ್ರಕಾರ ಸರ್ಕಾರದಿಂದ ಇನ್ನೂ ಶೇ 18.92ರಷ್ಟನ್ನು ಪಡೆದು ಶೇ 64.92ರ ಒಡೆಯನಾಯಿತು. ಸರ್ಕಾರದ ಬಳಿ ಶೇ 29.54 ಉಳಿಯಿತು.

ಹೊಸ ಆಡಳಿತ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಗಣಿಯಿಂದ ತೆಗೆಯುವ ಅದಿರಿನ ಪ್ರಮಾಣವನ್ನು ಹೆಚ್ಚಿಸಿತು, ಚಂದೇರಿಯಾದಲ್ಲಿ ಹೊಸ ಸ್ಮೆಲ್ಟರ್ ನಿರ್ಮಿಸಿತು. ಸತುವನ್ನು ಶುದ್ಧೀಕರಿಸುವ ಕೆಲಸ ವಿದ್ಯುತ್ತನ್ನು ಬಹಳ ಬೇಡುವಂಥದ್ದಾದ್ದರಿಂದ ಸ್ವಂತ ವಿದ್ಯುತ್ ಘಟಕಗಳನ್ನೂ ಕಟ್ಟಿತು. ಐದು ವರ್ಷಗಳಲ್ಲಿ ಸತುವಿನ ಉತ್ಪಾದನೆ ಸುಮಾರು ಇಮ್ಮಡಿಯಾಯಿತು. ಇದು ನಿಜವಾದ ಸಾಧನೆ. ಸರ್ಕಾರದ ಅಡಿಯಲ್ಲಿ ಇದೇ ವಿಸ್ತರಣೆಯಾಗಲು ಎಷ್ಟು ಕಾಲ ಬೇಕಾಗುತ್ತಿತ್ತೆಂದು ಊಹಿಸುವುದು ಕಷ್ಟ, ಆದರೆ ಇಷ್ಟು ಬೇಗ ಆಗುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ.

ಆದರೆ ಉತ್ಪಾದನೆ ಎರಡು ಪಟ್ಟಾದ ಕಂಪನಿಯ ಲಾಭ ಹತ್ತಾರು ಪಟ್ಟಾದದ್ದು ಹೇಗೆ? ಇಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದತ್ತ ನೋಡಬೇಕು. 2002ರಲ್ಲಿ ಒಂದು ಟನ್ ಸತುವಿನ ಸರಾಸರಿ ಬೆಲೆ ಅಲ್ಲಿ 800 ಡಾಲರ್‌ಗೂ ಕಡಿಮೆಯಿತ್ತು. ಅದು ಹಲವು ವರ್ಷಗಳಲ್ಲೇ ಅತ್ಯಂತ ಕೆಳಮಟ್ಟ. 2006ರ ಸರಾಸರಿ ಬೆಲೆ 3,200 ಡಾಲರ್ ದಾಟಿತ್ತು. ಚೀನಾದ ಬೇಡಿಕೆಯಿಂದ ಜಗತ್ತಿನ ಲೋಹಗಳ ಬೆಲೆಯೆಲ್ಲ ಏರಿದ ಕಾಲ ಅದು. ಒಂದು ಸರಳ ಲೆಕ್ಕ ಮಾಡೋಣ. ಒಂದು ಅಳತೆ ಸತುವನ್ನು ತಯಾರಿಸಲು 90 ರೂಪಾಯಿ ಖರ್ಚಾಗಿ 100 ರೂಪಾಯಿಗೆ ಮಾರಾಟವಾದರೆ ಉಳಿಯುವುದು 10 ರೂಪಾಯಿ. ಬೆಲೆ 400ಕ್ಕೆ ಏರಿ, ಖರ್ಚೂ 120ಕ್ಕೆ ಏರಿತೆಂದೇ ಇಟ್ಟುಕೊಳ್ಳಿ; ಆಗ ಉಳಿಯುವುದು 280. ಒಡೆಯ ಯಾರೇ ಆಗಿದ್ದರೂ, ಆಡಳಿತ ಒಂದಿಷ್ಟೂ ಸುಧಾರಿಸದಿದ್ದರೂ, ಲಾಭ 28 ಪಟ್ಟು. ಗಣಿ ಉದ್ದಿಮೆಯ ಲಾಭವನ್ನು ಬೆಲೆಯೊಂದಿಗೆ ತಾಳೆ ಹಾಕದೆ ನೋಡುವುದು ಮಳೆಯ ಪ್ರಮಾಣವನ್ನು ಕೇಳದೆ ಬೆಳೆಯ ಇಳುವರಿಯನ್ನು ರೈತನ ಜಾಣ್ಮೆಯ ಲೆಕ್ಕಕ್ಕೇ ಬರೆದಂತೆ.

ಇದನ್ನು ಪರೀಕ್ಷಿಸಲು ನಮ್ಮಲ್ಲೇ ಒಂದು ಒಳ್ಳೆಯ ಹೋಲಿಕೆ ಇದೆ. ಒಡಿಶಾದ ನಾಲ್ಕೋ, ಅಂದರೆ ನ್ಯಾಷನಲ್ ಅಲ್ಯೂಮಿನಿಯಂ ಕಂಪನಿಯನ್ನೂ ಅದೇ ಕಾಲದಲ್ಲಿ ಮಾರುವ ಯೋಚನೆ ಕೇಂದ್ರಕ್ಕಿತ್ತು. ಕಾರ್ಮಿಕರು ಮತ್ತು ಆ ರಾಜ್ಯದ ರಾಜಕೀಯ ಪಕ್ಷಗಳ ವಿರೋಧದಿಂದ ಅದು ನಿಂತುಹೋಯಿತು, ನಾಲ್ಕೋ ಸರ್ಕಾರದಲ್ಲೇ ಉಳಿಯಿತು. ಸತುವಿನಷ್ಟಲ್ಲದಿದ್ದರೂ ಅಲ್ಯೂಮಿನಿಯಂ ಬೆಲೆಯೂ ಆ ವರ್ಷಗಳಲ್ಲಿ ಸುಮಾರು ಇಮ್ಮಡಿಯಾಯಿತು. ನಾಲ್ಕೋದ ಲಾಭ ಹಲವು ಪಟ್ಟು ಬೆಳೆದು 2006-07ರಲ್ಲಿ 2,300 ಕೋಟಿ ದಾಟಿತು. ಒಂದು ಷೇರನ್ನೂ ಖಾಸಗಿ ಸಮೂಹಕ್ಕೆ ಕೊಡದೆ, ಆಡಳಿತ ಮಂಡಳಿಯ ಸ್ವರೂಪವನ್ನು ಬದಲಿಸದೆ ಇದು ಆಯಿತು. ಹಾಗೆಂದು ಹಿಂದೂಸ್ತಾನ್ ಜಿಂಕ್‌ನ ಏರಿಕೆಯೆಲ್ಲ ಬೆಲೆಯ ಕೊಡುಗೆ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಉತ್ಪಾದನೆಯ ಏರಿಕೆ ಕಣ್ಣೆದುರಿಗಿದೆ. ಎರಡನ್ನೂ ಬಿಡಿಸಿ ನೋಡದೆ ತೀರ್ಪು ಕೊಡಬಾರದು ಎಂಬುದಷ್ಟೇ ನನ್ನ ಹಟ.

ಹೀಗೆ ಲಾಭವನ್ನು ಬಿಡಿಸಿ ನೋಡಿದ ಅಧ್ಯಯನಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ಮೆಕ್ಸಿಕೋ ಕುರಿತು ಲಾ ಪೋರ್ಟಾ ಮತ್ತು ಲೋಪೆಜ್-ದೆ-ಸಿಲಾನೆಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ್ದು. 1983ರಿಂದ 1991ರವರೆಗೆ ಅಲ್ಲಿ ಮಾರಾಟವಾದ, ಹಣಕಾಸು ಕ್ಷೇತ್ರಕ್ಕೆ ಸೇರದ 218 ಕಂಪನಿಗಳನ್ನು ಅವರು ಪರಿಶೀಲಿಸಿದರು. ಮಾರಾಟದ ಆದಾಯದಲ್ಲಿ ಕಾರ್ಯಾಚರಣೆಯ ಲಾಭದ ಪಾಲು ಸರಾಸರಿ 24 ಶೇಕಡಾ ಅಂಶಗಳಷ್ಟು ಏರಿತ್ತು. ಬಳಿಕ ಅವರು ಆ ಏರಿಕೆಯನ್ನು ಸ್ಥೂಲವಾಗಿ ಮೂರು ಪಾಲು ಮಾಡಿದರು: ಶೇ 10ರಷ್ಟು ಸರಕಿನ ಬೆಲೆ ಏರಿಸಿದ್ದರಿಂದ, ಶೇ 33ರಷ್ಟು ಕೆಲಸ ಕಳೆದುಕೊಂಡ ಕಾರ್ಮಿಕರಿಂದ ಕಂಪನಿಗೆ ದಾಟಿದ್ದು, ಉಳಿದ ಶೇ 57 ಉತ್ಪಾದಕತೆಯ ಹೆಚ್ಚಳದಿಂದ. ಈ ಮೂರು ಅಂಕಿಗಳನ್ನು ನಾನು ಹಲವು ವರ್ಷಗಳಿಂದ ತರಗತಿಗಳಲ್ಲಿ ಬರೆದು ತೋರಿಸುತ್ತ ಬಂದಿದ್ದೇನೆ. ಖಾಸಗೀಕರಣದಿಂದ ಆದ ಲಾಭವೆಲ್ಲ ಕಾರ್ಮಿಕರ ಹೊಟ್ಟೆಯ ಮೇಲೆ ಹೊಡೆದು ಬಂದದ್ದು ಎನ್ನುವವರಿಗೆ ಆ 57 ಉತ್ತರ. ಎಲ್ಲವೂ ದಕ್ಷತೆಯ ಫಲ ಎನ್ನುವವರಿಗೆ ಆ 33 ಉತ್ತರ. ಲಾಭದ ಮೂರನೆಯ ಒಂದು ಪಾಲು ಕೆಲಸ ಹೋದವರ ಮನೆಗಳಿಂದ ಬಂದಿದ್ದರೆ, ಅವರಿಗೆ ಸಿಕ್ಕ ಪರಿಹಾರವೇನು, ಅವರು ಮುಂದೆ ಏನಾದರು ಎಂಬುದು ಹಣಕಾಸಿನ ಅಧ್ಯಯನದ ಹೊರಗಿನ ಪ್ರಶ್ನೆಯಾಗಿ ಉಳಿಯಲಾರದು.

ಇದಕ್ಕೂ ಮುಂಚೆ, 1994ರಲ್ಲಿ, ಮೆಗಿನ್ಸನ್ ಮತ್ತು ಅವರ ಇಬ್ಬರು ಸಹಲೇಖಕರು 18 ದೇಶಗಳ 61 ಕಂಪನಿಗಳನ್ನು ಖಾಸಗೀಕರಣದ ಹಿಂದಿನ ಮತ್ತು ಮುಂದಿನ ವರ್ಷಗಳಲ್ಲಿ ಹೋಲಿಸಿ ನೋಡಿದ್ದರು. ಲಾಭ, ಮಾರಾಟ, ದಕ್ಷತೆ, ಬಂಡವಾಳ ಹೂಡಿಕೆ ಮತ್ತು ಲಾಭಾಂಶ ಹೆಚ್ಚಿ, ಸಾಲದ ಪ್ರಮಾಣ ತಗ್ಗಿತ್ತು. ನೌಕರರ ಸಂಖ್ಯೆ ಇಳಿದದ್ದಕ್ಕೆ ಪುರಾವೆ ಸಿಗಲಿಲ್ಲ. ಮುಂದಿನ ಬಹಳಷ್ಟು ಸಂಶೋಧನೆ ಇದೇ ಮಾದರಿಯಲ್ಲಿ ನಡೆಯಿತು. ಈ ಮಾದರಿಗೆ ಇರುವ ಒಂದು ಮಿತಿಯನ್ನು ಮಾತ್ರ ಮರೆಯಬಾರದು: ಸರ್ಕಾರಗಳು ಚೀಟಿ ಎತ್ತಿ ಕಂಪನಿಗಳನ್ನು ಮಾರುವುದಿಲ್ಲ. ಕೊಳ್ಳುವವರು ಸಿಗುವಂಥವನ್ನು, ಒಳ್ಳೆಯ ಬೆಲೆ ಬರುವಂಥವನ್ನು ಮೊದಲು ಮಾರುತ್ತವೆ. ಹೊಟ್ಟು ತೂರಿ ಕಾಳನ್ನಷ್ಟೇ ಅಳೆದು, ಕಣದ ರಾಶಿಯೆಲ್ಲ ಹೀಗೇ ಇತ್ತು ಎಂದರೆ ಆ ಅಳತೆ ಸರಿಯಾಗದು.

ಹಾಗಾದರೆ ಒಡೆತನ ಬದಲಾದರೆ ಉತ್ಪಾದಕತೆ ಏಕೆ ಹೆಚ್ಚಬೇಕು? ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಇದಕ್ಕೊಂದು ವಿವರಣೆ ಕೊಟ್ಟರು. ನಷ್ಟವಾದರೆ ಖಜಾನೆ ತುಂಬಿಕೊಡುತ್ತದೆಂದು ಗೊತ್ತಿರುವ ಉದ್ದಿಮೆಯ ಬಜೆಟ್ಟಿನ ಬೇಲಿ ಮೆದುವಾಗಿರುತ್ತದೆ, ಒರಗಿದರೆ ಬಾಗುತ್ತದೆ ಎಂಬುದು ಅವರ ಮಾತಿನ ಸಾರ. ನಮ್ಮ ಕೇಂದ್ರೋದ್ಯಮಗಳಲ್ಲಿ ಇದರ ಜೊತೆಗೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ವ್ಯಾಪಾರದಲ್ಲಿ ಹತ್ತು ನಿರ್ಧಾರ ಮಾಡಿದರೆ ಮೂರು ತಪ್ಪಾಗುವುದು ಸಹಜ. ಆದರೆ ಅಲ್ಲಿನ ಅಧಿಕಾರಿಗೆ ಆ ಮೂರು ತಪ್ಪುಗಳಿಗಾಗಿ ಲೆಕ್ಕ ಪರಿಶೋಧಕರ ಆಕ್ಷೇಪಣೆ, ಜಾಗೃತ ಆಯೋಗದ ಪತ್ರ, ಕೆಲವೊಮ್ಮೆ ನಿವೃತ್ತಿಯ ನಂತರದ ವಿಚಾರಣೆಯೂ ಕಾದಿರುತ್ತದೆ, ಸರಿಯಾದ ಏಳಕ್ಕೆ ಸಿಗುವುದು ಹೆಚ್ಚೇನಿಲ್ಲ. ಹೀಗಿರುವಾಗ ಕಡತವನ್ನು ಮುಂದಿನ ಮೇಜಿಗೆ ಕಳಿಸುವುದೇ ಬುದ್ಧಿವಂತಿಕೆಯಾಗುತ್ತದೆ. ಅದು ಆ ಅಧಿಕಾರಿಯ ದೋಷವಲ್ಲ, ಆ ವ್ಯವಸ್ಥೆ ಅವರಿಂದ ಕೇಳಿದ್ದೇ ಅದನ್ನು.

ಆದರೆ ಒಡೆತನವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ವಿದೇಶ ಸಂಚಾರ ನಿಗಮದ ಕಥೆಯನ್ನು ನೋಡಬೇಕು. ಭಾರತದಿಂದ ಹೊರದೇಶಗಳಿಗೆ ಹೋಗುವ ದೂರವಾಣಿ ಕರೆಗಳ ಏಕಸ್ವಾಮ್ಯ ಹೊಂದಿದ್ದ ಈ ಕಂಪನಿ ಸರ್ಕಾರದಲ್ಲಿದ್ದಾಗಲೇ ಭಾರಿ ಲಾಭ ಮಾಡುತ್ತಿತ್ತು. 2002ರ ಫೆಬ್ರುವರಿಯಲ್ಲಿ ಅದರ ಶೇ 25ರಷ್ಟು ಷೇರು 1,439 ಕೋಟಿ ರೂಪಾಯಿಗೆ ಟಾಟಾ ಸಮೂಹದ ಪಾಲಾಯಿತು. ಅದೇ ವರ್ಷ ಏಪ್ರಿಲ್ 1ರಂದು ಏಕಸ್ವಾಮ್ಯ ಕೊನೆಗೊಂಡಿತು. ಪೈಪೋಟಿ ಬಂದೊಡನೆ ವಿದೇಶಿ ಕರೆಗಳ ದರ ಇಳಿಯಿತು, ಕಂಪನಿಯ ಲಾಭವೂ ಕುಸಿಯಿತು. ಖಾಸಗೀಕರಣದಿಂದ ಲಾಭ ಹೆಚ್ಚಬೇಕೆಂಬ ಸೂತ್ರಕ್ಕೆ ಇದು ತದ್ವಿರುದ್ಧ. ಆದರೆ ನಷ್ಟವಾದದ್ದು ಯಾರಿಗೆ? ದುಬೈಗೋ ಮಸ್ಕತ್ತಿಗೋ ಹೋದ ಮಗನೊಂದಿಗೆ ಎಸ್‌ಟಿಡಿ ಬೂತಿನ ಮೀಟರನ್ನೇ ನೋಡುತ್ತ ಮಾತನಾಡುತ್ತಿದ್ದ ಕರಾವಳಿಯ ತಾಯಂದಿರಿಗೆ ಆದದ್ದು ಲಾಭವೇ. ಹಿಂದಿನ ಲಾಭದ ಒಂದು ದೊಡ್ಡ ಭಾಗ ದಕ್ಷತೆಯಿಂದ ಬಂದದ್ದಾಗಿರಲಿಲ್ಲ, ಅಂಥವರ ಜೇಬಿನಿಂದ ಬಂದದ್ದಾಗಿತ್ತು. ಕಂಪನಿ ಮುಂದೆ ಸಮುದ್ರದಡಿಯ ಕೇಬಲ್ ಜಾಲಗಳನ್ನು ಕೊಂಡು, 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂದು ಹೆಸರು ಬದಲಿಸಿ, ಬೇರೆಯದೇ ವ್ಯಾಪಾರವಾಗಿ ಬೆಳೆಯಿತು.

ಇದೇ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ನಿಗಮದ ಬಳಿ ಪುಣೆ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಒಟ್ಟು 773 ಎಕರೆ ಹೆಚ್ಚುವರಿ ಭೂಮಿಯಿತ್ತು. ಅದು ಮಾರಾಟದಲ್ಲಿ ಸೇರಿಲ್ಲ, ಮುಂದೆ ಬೇರ್ಪಡಿಸಬೇಕು ಎಂದು ಒಪ್ಪಂದವಾಗಿದ್ದರೂ, ಅದನ್ನು ಹೆಮಿಸ್ಫಿಯರ್ ಪ್ರಾಪರ್ಟೀಸ್ ಎಂಬ ಪ್ರತ್ಯೇಕ ಕಂಪನಿಗೆ ವರ್ಗಾಯಿಸುವ ಕೆಲಸ ಮುಗಿಯಲು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಬೆಂಗಳೂರಿನ ಬೆಮೆಲ್ ಕಂಪನಿಯ ಮಾರಾಟದ ಪ್ರಸ್ತಾವ ಬಂದಾಗ, ಹೆಚ್ಚುವರಿ ಭೂಮಿಯನ್ನು ಮೊದಲೇ ಪ್ರತ್ಯೇಕ ಕಂಪನಿಗೆ ವರ್ಗಾಯಿಸಿದ್ದು ಇಂಥ ಅನುಭವದ ಹಿನ್ನೆಲೆಯಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಬೆಂಗಳೂರಿನಂಥ ನಗರದಲ್ಲಿ ಕಾರ್ಖಾನೆಯ ಬೆಲೆಗಿಂತ ಅದು ನಿಂತ ನೆಲದ ಬೆಲೆಯೇ ಹೆಚ್ಚಾಗಬಲ್ಲದು. ಹಾಗಿರುವಾಗ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರಿದರೆ, ಕೊಂಡವನು ನಾಳೆ ತೋರಿಸುವ ಲಾಭ ಯಂತ್ರದ್ದೋ ನೆಲದ್ದೋ ಎಂದು ಹೇಳಲಾಗದು.

ಏರ್ ಇಂಡಿಯಾ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ವಿಲೀನವಾದ ಮೇಲೆ ಅದು ಪ್ರತಿ ವರ್ಷವೂ ನಷ್ಟದಲ್ಲೇ ಇತ್ತು. 2018ರಲ್ಲಿ ಶೇ 76ರಷ್ಟು ಷೇರನ್ನು ಮಾರಲು ಹೊರಟಾಗ ಒಂದೂ ಬಿಡ್ ಬರಲಿಲ್ಲ. 2021ರ ಅಕ್ಟೋಬರಿನಲ್ಲಿ ಟಾಟಾ ಸಮೂಹದ 18,000 ಕೋಟಿ ರೂಪಾಯಿಯ ಬಿಡ್ ಅಂಗೀಕಾರವಾಯಿತು. ಅದರಲ್ಲಿ ನಗದು 2,700 ಕೋಟಿ, ಉಳಿದ 15,300 ಕೋಟಿ ಕಂಪನಿಯ ಸಾಲದಲ್ಲಿ ಟಾಟಾದವರು ಹೊತ್ತ ಪಾಲು. ಆ ವರ್ಷದ ಆಗಸ್ಟ್ ಕೊನೆಗೆ ಇದ್ದ ಒಟ್ಟು ಸಾಲ 61,562 ಕೋಟಿ. ಮಿಕ್ಕ 46,262 ಕೋಟಿ ಸರ್ಕಾರದ ಇನ್ನೊಂದು ಕಂಪನಿಯ ಲೆಕ್ಕಕ್ಕೆ ಹೋಯಿತು, ಅಂದರೆ ನಮ್ಮ ನಿಮ್ಮ ಲೆಕ್ಕಕ್ಕೆ. ಈ ಮಾರಾಟ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ, ಏಕೆಂದರೆ ಇಟ್ಟುಕೊಂಡಿದ್ದರೆ ಆ ಸಾಲ ಇನ್ನೂ ಬೆಳೆಯುತ್ತಿತ್ತು. ಆದರೆ ನಾಳೆ ಆ ವಿಮಾನ ಸಂಸ್ಥೆ ಲಾಭಕ್ಕೆ ಬಂದಾಗ ಹಿಂದಿನ ನಷ್ಟದೊಂದಿಗೆ ಅದನ್ನು ಹೋಲಿಸುವವರು, ಹಿಂದಿನ ಲೆಕ್ಕದಲ್ಲಿದ್ದ ಬಡ್ಡಿಯ ಹೊರೆಯ ಬಹುಪಾಲು ಈಗಿನ ಲೆಕ್ಕದಲ್ಲಿ ಇಲ್ಲವೆಂಬುದನ್ನು ಮೊದಲು ಬರೆಯಬೇಕು. ಸಾಲ ಇಳಿಯಿತು ಎಂಬ ಅಂಕಣವನ್ನು ಸಾಧನೆಯ ಪಟ್ಟಿಗೆ ಸೇರಿಸುವುದಂತೂ ಸಲ್ಲದು.

ಲಾಭಾಂಶದ ವಿಷಯದಲ್ಲೂ ಇದೇ ಎಚ್ಚರ ಬೇಕು. ಖಾಸಗೀಕರಣದ ನಂತರ ಲಾಭಾಂಶ ಹೆಚ್ಚುವುದನ್ನು ಅಧ್ಯಯನಗಳು ಸುಧಾರಣೆಯ ಗುರುತೆಂದು ಎಣಿಸುತ್ತವೆ. ಹಿಂದೂಸ್ತಾನ್ ಜಿಂಕ್ 2022-23ರಲ್ಲಿ ಸುಮಾರು 10,500 ಕೋಟಿ ಲಾಭ ಮಾಡಿ, ಸುಮಾರು 31,900 ಕೋಟಿ ಲಾಭಾಂಶ ಹಂಚಿತು. ಅಂದರೆ ಒಂದು ವರ್ಷದ ಗಳಿಕೆಯ ಮೂರು ಪಟ್ಟು. ಹಲವು ವರ್ಷಗಳಿಂದ ಕೂಡಿಟ್ಟ ಮೀಸಲು ಕರಗಿತು, ಕಂಪನಿ ಸಾಲವನ್ನೂ ತಂದಿತು. ಮಾತೃಸಂಸ್ಥೆಯಾದ ವೇದಾಂತ ಸಮೂಹಕ್ಕೆ ಆಗ ಹಣದ ತೀವ್ರ ಅಗತ್ಯವಿತ್ತು. ಶೇ 29.54ರ ಪಾಲುದಾರನಾಗಿದ್ದ ಸರ್ಕಾರಕ್ಕೂ ಇದರಲ್ಲಿ 9,000 ಕೋಟಿಗೂ ಹೆಚ್ಚು ಬಂದದ್ದರಿಂದ ಅದಕ್ಕೆ ದೂರಲು ಕಾರಣವಿರಲಿಲ್ಲ. ಆದರೆ ಅದೇ ವರ್ಷ, ವೇದಾಂತದ ಆಫ್ರಿಕಾದ ಸತುವಿನ ಆಸ್ತಿಗಳನ್ನು 298 ಕೋಟಿ ಡಾಲರಿಗೆ ಹಿಂದೂಸ್ತಾನ್ ಜಿಂಕ್ ಕೊಳ್ಳುವ ಪ್ರಸ್ತಾವ ಬಂದಾಗ ಸರ್ಕಾರ ಗಟ್ಟಿಯಾಗಿ ವಿರೋಧಿಸಿತು, ಪ್ರಸ್ತಾವ ಬಿದ್ದುಹೋಯಿತು. ಮಾರಿದ ಮೇಲೂ ಉಳಿಸಿಕೊಂಡ ಪಾಲಿಗೆ ಇಂಥ ಗಳಿಗೆಯಲ್ಲಿ ಬೆಲೆ ತಿಳಿಯುತ್ತದೆ.

ಮಾರದೆಯೂ ಸುಧಾರಿಸಬಹುದೇ? ಷೇರುಪೇಟೆಯ ಮೂಲಕ ಸ್ವಲ್ಪ ಪಾಲನ್ನಷ್ಟೇ ಮಾರಿ ಹಿಡಿತವನ್ನು ಸರ್ಕಾರವೇ ಇಟ್ಟುಕೊಂಡ ಭಾರತದ ಕಂಪನಿಗಳನ್ನು ನಂದಿನಿ ಗುಪ್ತಾ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಮುಖ್ಯ: ಇಂಥ ಭಾಗಶಃ ಮಾರಾಟದಿಂದಲೂ ಲಾಭ, ಉತ್ಪಾದಕತೆ ಮತ್ತು ಹೂಡಿಕೆ ಹೆಚ್ಚಿದ್ದವು. ದಿನವೂ ಪೇಟೆಯಲ್ಲಿ ಷೇರಿನ ಬೆಲೆ ನಿಗದಿಯಾಗುವುದರಿಂದ ಆಡಳಿತದ ಮೇಲೆ ಒಂದು ಹೊರಗಣ್ಣು ಬೀಳುತ್ತದೆ ಎಂಬುದು ಅವರ ವಿವರಣೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಶೇ 51ರಷ್ಟು ಸರ್ಕಾರದ ಒಡೆತನದಲ್ಲೇ ಇದ್ದು 2023-24ರಲ್ಲಿ 4,000 ಕೋಟಿ ರೂಪಾಯಿ ಲಾಭ ಮಾಡಿದೆ. ರಕ್ಷಣಾ ಇಲಾಖೆಯ ಬೇಡಿಕೆ ಅದರ ಬೆನ್ನಿಗಿರುವುದರಿಂದ ಇದನ್ನು ಎಲ್ಲ ಉದ್ದಿಮೆಗಳಿಗೂ ಅನ್ವಯಿಸಲಾಗದು, ನಿಜ. ಆದರೂ ಸರ್ಕಾರಿ ಒಡೆತನ ಎಂದೊಡನೆ ನಷ್ಟವೆಂದು ಬರೆದಿಡುವ ಅಭ್ಯಾಸಕ್ಕೆ ಇದು ಸರಿಯಾದ ತಡೆ.

ಕೊನೆಯದಾಗಿ, ಇಲ್ಲಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಗೆ ಬರುತ್ತೇನೆ. ನಿಮ್ಮಲ್ಲಿ ಹಲವರ ಅಜ್ಜಂದಿರು ದುಡಿದ ಕಾರ್ಖಾನೆ ಅದು. 1923ರಲ್ಲಿ ಕಬ್ಬಿಣ ಹರಿಯಿತು. ಮೈಸೂರು ಸಂಸ್ಥಾನದ ಉದ್ದಿಮೆಯಾಗಿ ಹುಟ್ಟಿ, ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2016ರಲ್ಲಿ ಇದನ್ನು ಮಾರಲು ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು, 2019ರಲ್ಲಿ ಆಸಕ್ತರನ್ನು ಆಹ್ವಾನಿಸಲಾಯಿತು, 2022ರಲ್ಲಿ ಕೊಳ್ಳುವವರಿಗೆ ಸಾಕಷ್ಟು ಆಸಕ್ತಿ ಇಲ್ಲವೆಂದು ಪ್ರಕ್ರಿಯೆಯನ್ನೇ ಕೈಬಿಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರವಾಯಿತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಒಂದು ಭಾಗದಲ್ಲಷ್ಟೇ ಕೆಲಸ ಮತ್ತೆ ಆರಂಭವಾಯಿತು. ಹಿಂದೂಸ್ತಾನ್ ಜಿಂಕ್ ಕೊಂಡವರಿಗೆ ರಾಮಪುರಾ ಆಗುಚಾ ಸಿಕ್ಕಿತು. ಭದ್ರಾವತಿಯ ಕುಲುಮೆಗೆ ತನ್ನದೇ ಅದಿರಿನ ಗಣಿಯಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಆ ಜಾಗವನ್ನು ತುಂಬುವಂಥ ಗಣಿ ಅದಕ್ಕೆ ದಕ್ಕಲಿಲ್ಲ. ಒಡೆಯ ಬದಲಾದರೆ ಸರಿಹೋಗುವ ಕೊರತೆ ಅದಾಗಿರಲಿಲ್ಲ, ಕೊಳ್ಳಲು ಬಂದವರಿಗೂ ಅದು ಗೊತ್ತಿತ್ತು. ಖಾಸಗೀಕರಣದ ಹಿಂದಿನ ಮೂರು ವರ್ಷ ಮತ್ತು ಮುಂದಿನ ಮೂರು ವರ್ಷಗಳನ್ನು ಹೋಲಿಸುವ ಯಾವ ಕೋಷ್ಟಕದಲ್ಲೂ ಭದ್ರಾವತಿಗೆ ಜಾಗವಿಲ್ಲ, ಏಕೆಂದರೆ ಅದು ಮಾರಾಟವಾಗಲೇ ಇಲ್ಲ.